‘ಅಡ್ವಾನ್ಸ್’: ಪದ ಒಂದು, ಹಣ ನಾಲ್ಕು ಬಗೆ

ಬೆಂಗಳೂರು ದಕ್ಷಿಣದ ವ್ಯಾಪಾರ ವಹಿವಾಟಿನಲ್ಲಿ ದಿನವಿಡೀ ಕಿವಿಗೆ ಬೀಳುವ ಇಂಗ್ಲಿಷ್ ಪದಗಳಲ್ಲಿ ‘ಅಡ್ವಾನ್ಸ್’ ಮುಖ್ಯವಾದದ್ದು. ಜಯನಗರ 4ನೇ ಬ್ಲಾಕಿನಲ್ಲಿ ಮಳಿಗೆ ಹಿಡಿಯುವ ವರ್ತಕರು ಕಟ್ಟಡದ ಮಾಲೀಕರಿಗೆ ಅಡ್ವಾನ್ಸ್ ಕೊಡುತ್ತಾರೆ. ಜೆ.ಪಿ. ನಗರದಲ್ಲಿ ನಿವೇಶನ ಕೊಳ್ಳುವವರು ಮಾರುವವರಿಗೆ ಅಡ್ವಾನ್ಸ್ ಕೊಟ್ಟು ಕರಾರು ಬರೆಸಿಕೊಳ್ಳುತ್ತಾರೆ. ಬನಶಂಕರಿಯಲ್ಲಿ ಮಗಳ ಮದುವೆಗೆ ಕಲ್ಯಾಣ ಮಂಟಪ ಗೊತ್ತುಮಾಡುವ ತಂದೆ ಅಡ್ವಾನ್ಸ್ ಕಟ್ಟಿ ರಸೀದಿ ಪಡೆಯುತ್ತಾರೆ. ಬಿ.ಟಿ.ಎಂ. ಬಡಾವಣೆಯ ಸಣ್ಣ ಘಟಕವೊಂದರ ನೌಕರರು ಹಬ್ಬಕ್ಕೆ ಮುಂಚೆ ಧಣಿಯ ಬಳಿ ಅಡ್ವಾನ್ಸ್ ಕೇಳುತ್ತಾರೆ. ಅದೇ ಬೀದಿಯ ಬ್ಯಾಂಕಿನ ಶಾಖೆಯಲ್ಲಿ ಸಾಲ ಕೊಡುವ ವಿಭಾಗಕ್ಕೂ ಅಡ್ವಾನ್ಸಸ್ ಎಂದೇ ಹೆಸರು.

ಈ ಐದೂ ಕಡೆ ಪದ ಒಂದೇ ಆದರೂ ಹಣದ ಸ್ವರೂಪ ಒಂದೇ ಅಲ್ಲ. ಒಂದು ಕಡೆ ಅದು ಪೂರ್ತಿಯಾಗಿ ಹಿಂದಿರುಗಬೇಕಾದ ಹಣ; ಇನ್ನೊಂದು ಕಡೆ ಮಾತು ತಪ್ಪಿದರೆ ಕೈಬಿಡಬೇಕಾದ ಹಣ; ಮತ್ತೊಂದು ಕಡೆ ಬೆಲೆಯ ಒಂದು ಭಾಗ; ಮಗುದೊಂದು ಕಡೆ ಸಾಲ. ವ್ಯವಹಾರ ಸುಗಮವಾಗಿ ಸಾಗುವವರೆಗೆ ಈ ಭೇದ ಯಾರ ಗಮನಕ್ಕೂ ಬರುವುದಿಲ್ಲ. ವ್ಯವಹಾರ ಮುರಿದ ದಿನ, ರಸೀದಿಯಲ್ಲಿ ‘ಅಡ್ವಾನ್ಸ್’ ಎಂದಷ್ಟೇ ಬರೆದಿದ್ದರೆ, ಎರಡು ಪಕ್ಷದವರೂ ಅದನ್ನು ತಮಗೆ ಅನುಕೂಲವಾದ ಅರ್ಥದಲ್ಲಿ ಓದುತ್ತಾರೆ. ಆದಕಾರಣ ಈ ಪದದ ಅರ್ಥಗಳನ್ನು ಬಿಡಿಸಿ ನೋಡುವುದು ಭಾಷೆಯ ಕುತೂಹಲ ಮಾತ್ರವಲ್ಲ, ವರ್ತಕರ ಬಂಡವಾಳದ ರಕ್ಷಣೆಯ ಪ್ರಶ್ನೆಯೂ ಹೌದು.

ಪದದ ಮೂಲ

ಅಡ್ವಾನ್ಸ್ ಎಂಬ ಪದ ಇಂಗ್ಲಿಷಿಗೆ ಹಳೆಯ ಫ್ರೆಂಚ್ ಭಾಷೆಯಿಂದ ಬಂದಿತು. ಅದರ ಬೇರು ‘ಮುಂದಿನಿಂದ’, ‘ಮುಂಚಿನಿಂದ’ ಎಂಬ ಅರ್ಥ ಕೊಡುವ ಲ್ಯಾಟಿನ್ ಪದಗಳಲ್ಲಿದೆ. ಫ್ರೆಂಚ್ ರೂಪದಲ್ಲಿ ‘ಡ’ಕಾರವಿಲ್ಲ, ಪದದ ಮೊದಲಕ್ಷರವನ್ನು ಬೇರೊಂದು ಲ್ಯಾಟಿನ್ ಉಪಸರ್ಗವೆಂದು ತಪ್ಪಾಗಿ ತಿಳಿದ ಬರಹಗಾರರು ಅದನ್ನು ಸೇರಿಸಿದರೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಮುಂದೆ ಸಾಗು, ಏಳಿಗೆ ಹೊಂದು, ಕಾಲಕ್ಕೆ ಮುಂಚೆ ಕೊಡು, ಸಾಲ ಕೊಡು ಎಂಬೆಲ್ಲ ಅರ್ಥಗಳು ಈ ಒಂದು ಬೇರಿನಿಂದಲೇ ಕವಲೊಡೆದಿವೆ.

ಕನ್ನಡದ ‘ಮುಂಗಡ’ವೂ ಇದೇ ದಾರಿ ಹಿಡಿದಿದೆ. ಮುಂದೆ ಇರುವುದು, ಮುಂಚಿತವಾಗಿ ಕೊಡುವುದು ಎರಡೂ ಮುಂಗಡವೇ. ಸರ್ಕಾರದ ವಾರ್ಷಿಕ ಆಯವ್ಯಯ ಅಂದಾಜಿಗೂ ಮುಂಗಡ ಪತ್ರವೆಂಬ ಹೆಸರಿದೆ. ಅಲ್ಲಿ ಕೈಬದಲಾಗುವ ಹಣವೇ ಇಲ್ಲ, ಮುಂಬರುವ ವರ್ಷದ ಲೆಕ್ಕವಿದೆ. ಹೀಗಾಗಿ ‘ಅಡ್ವಾನ್ಸ್’ ಎಂಬುದರ ಬದಲು ‘ಮುಂಗಡ’ ಎಂದು ಬರೆದ ಮಾತ್ರಕ್ಕೆ ಗೊಂದಲ ನಿವಾರಣೆಯಾಗದು. ಆದರೆ ಕನ್ನಡದಲ್ಲಿ ಈ ಭೇದಗಳನ್ನು ತಿಳಿಸುವ ಬೇರೆ ಪದಗಳಿವೆ: ಮರಳಿ ಬರುವ ಹಣಕ್ಕೆ ಠೇವಣಿ, ಕರಾರನ್ನು ಗಟ್ಟಿಗೊಳಿಸುವ ಹಣಕ್ಕೆ ಸಂಚಕಾರ, ಬೆಲೆಯ ಭಾಗಕ್ಕೆ ಭಾಗಶಃ ಪಾವತಿ, ಹಿಂದಿರುಗಿಸುವ ಷರತ್ತಿನ ಮೇಲೆ ಕೊಡುವ ಹಣಕ್ಕೆ ಸಾಲ. ಅಡ್ವಾನ್ಸ್ ಈ ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬಿದೆ.

ಮೊದಲನೆಯದು: ಠೇವಣಿ

ಬಾಡಿಗೆ ವ್ಯವಹಾರದಲ್ಲಿ ಅಡ್ವಾನ್ಸ್ ಎಂದರೆ ಭದ್ರತಾ ಠೇವಣಿ. ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವುದು ಬೆಂಗಳೂರಿನ ಬಹುಕಾಲದ ರೂಢಿ. ಹೊರಊರಿನಿಂದ ಬಂದವರು ಇದನ್ನು ಹತ್ತು ತಿಂಗಳ ಬಾಡಿಗೆ ಮುಂಚಿತವಾಗಿ ಸಂದಾಯವಾಯಿತೆಂದು ತಿಳಿಯುವುದುಂಟು. ಪದದ ನೇರ ಅರ್ಥ ಹಿಡಿದರೆ ಅವರ ತಿಳಿವಳಿಕೆ ತಪ್ಪೂ ಅಲ್ಲ. ಆದರೆ ಇಲ್ಲಿನ ರೂಢಿಯಲ್ಲಿ ಅದು ಬಾಡಿಗೆಯೇ ಅಲ್ಲ. ಬಾಡಿಗೆದಾರರ ಹಣ ಮಾಲೀಕರ ವಶದಲ್ಲಿ ಭದ್ರತೆಗಾಗಿ ಇರುವುದು ಮಾತ್ರ. ಜಾಗ ಖಾಲಿ ಮಾಡುವಾಗ ಬಾಕಿ ಬಾಡಿಗೆ, ವಿದ್ಯುತ್ ಶುಲ್ಕ, ಹಾನಿ ಇವುಗಳನ್ನು ಕಳೆದು ಉಳಿದದ್ದನ್ನು ಹಿಂದಿರುಗಿಸಬೇಕು. ಸುಣ್ಣಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿಯೂ ವ್ಯಾಪಕವಾಗಿದೆ. ಅದು ಕರಾರಿನಲ್ಲಿ ಬರೆದಿದ್ದರೆ ಷರತ್ತು, ಬರೆಯದಿದ್ದರೆ ಜಗಳದ ಮೂಲ.

ಈ ಠೇವಣಿಗೆ ಕಾನೂನಿನ ಮಿತಿ ಇದೆಯೇ ಎಂಬುದು ಸಹಜವಾಗಿ ಏಳುವ ಪ್ರಶ್ನೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗೂ ಹೆಚ್ಚಿನ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್ ವಿಸ್ತೀರ್ಣ ಮೀರದವು ಮಾತ್ರ ಅದರ ವ್ಯಾಪ್ತಿಗೆ ಬರಬಲ್ಲವು. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ಮನೆಗಳಿಗೆ ಎರಡು ತಿಂಗಳ, ವಾಣಿಜ್ಯ ಕಟ್ಟಡಗಳಿಗೆ ಆರು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ಶಾಸಕಾಂಗ ಅಂಗೀಕರಿಸಿದ ಹೊರತು ಅದಕ್ಕೆ ಬಲವಿಲ್ಲ. ಆದ್ದರಿಂದ ದಕ್ಷಿಣ ಬೆಂಗಳೂರಿನ ಬಹುಪಾಲು ಮಳಿಗೆಗಳ ಅಡ್ವಾನ್ಸ್ ವಿಷಯದಲ್ಲಿ ವರ್ತಕರಿಗೆ ದೊರೆಯುವ ಮುಖ್ಯ ರಕ್ಷಣೆ ಅವರು ಸಹಿ ಮಾಡಿದ ಕರಾರು ಪತ್ರವೇ. ಅದರಲ್ಲಿನ ಪದಕ್ಕೆ ಇಷ್ಟು ತೂಕ ಬರುವುದು ಈ ಕಾರಣದಿಂದ.

ಇದೇ ಸಂದರ್ಭದಲ್ಲಿ ‘ಲೀಸ್’ ಎಂಬ ಪದವನ್ನೂ ನೆನೆಯಬೇಕು. ಕಾನೂನಿನಲ್ಲಿ ತಿಂಗಳ ಬಾಡಿಗೆಯ ಕರಾರೂ ಲೀಸ್ ಆಗಬಹುದು. ಬೆಂಗಳೂರಿನ ಬೀದಿಯ ಫಲಕದಲ್ಲಿ ಮಾತ್ರ ‘ಲೀಸಿಗೆ’ ಎಂದರೆ ಭೋಗ್ಯಕ್ಕೆ ಎಂದರ್ಥ: ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಬಡ್ಡಿಯಿಲ್ಲದೆ ಆ ಮೊತ್ತವನ್ನು ಮರಳಿ ಪಡೆಯುವುದು. ಸ್ವತ್ತು ಹಸ್ತಾಂತರ ಕಾಯ್ದೆ, 1882ರಲ್ಲಿ ಹೇಳಿರುವ ಭೋಗ್ಯ ಅಡಮಾನಕ್ಕೆ ಇದು ಹೆಚ್ಚು ಸಮೀಪ. ಈ ಮೊತ್ತಕ್ಕೂ ಆಡುಮಾತಿನಲ್ಲಿ ಅಡ್ವಾನ್ಸ್ ಎನ್ನುವವರಿದ್ದಾರೆ. ಹತ್ತು ತಿಂಗಳ ಠೇವಣಿಗೂ ಇಡೀ ಮನೆಯ ಭೋಗ್ಯದ ಹಣಕ್ಕೂ ಒಂದೇ ಹೆಸರಿಡುವುದು ಕ್ಷೇಮಕರವಲ್ಲ.

ಎರಡನೆಯದು: ಸಂಚಕಾರ

ನಿವೇಶನ, ಕಟ್ಟಡ, ಯಂತ್ರ ಮೊದಲಾದವುಗಳ ಖರೀದಿಯಲ್ಲಿ ಕೊಡುವ ಅಡ್ವಾನ್ಸಿಗೆ ಕನ್ನಡದ ಹಳೆಯ ಹೆಸರು ಸಂಚಕಾರ. ಇದು ಸಂಸ್ಕೃತದ ‘ಸತ್ಯಂಕಾರ’ದ ತದ್ಭವ: ಮಾತನ್ನು ಸತ್ಯವಾಗಿಸುವುದು. ಅಮರಕೋಶ ಈ ಪದವನ್ನು ವರ್ತಕರ ವೃತ್ತಿಗೆ ಸಂಬಂಧಿಸಿದ ವೈಶ್ಯವರ್ಗದಲ್ಲಿಯೇ ಸೇರಿಸಿದೆ. ಯಾಜ್ಞವಲ್ಕ್ಯ ಸ್ಮೃತಿಯು ಸತ್ಯಂಕಾರವಾಗಿ ಪಡೆದ ದ್ರವ್ಯವನ್ನು ಇಮ್ಮಡಿಯಾಗಿ ಹಿಂದಿರುಗಿಸಬೇಕೆಂದು ವಿಧಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಆ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಇದನ್ನು ಉಂಗುರದ ಉದಾಹರಣೆಯಿಂದ ವಿವರಿಸಿದ್ದಾನೆ. ಕ್ರಯದ ಮಾತು ಉಳಿಯಲೆಂದು ಉಂಗುರವನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದು, ಕೊಟ್ಟವನೇ ಮಾತು ತಪ್ಪಿದರೆ ಅದು ಅವನ ಕೈಬಿಟ್ಟಿತು. ಪಡೆದವನು ತಪ್ಪಿದರೆ ಎರಡರಷ್ಟನ್ನು ಕೊಡಬೇಕು. ಒಂಬೈನೂರು ವರ್ಷಗಳಾಚೆ ಕನ್ನಡ ನೆಲದಲ್ಲಿ ಬರೆದ ಈ ವಿವರಣೆ ಇಂದಿನ ಕರಾರು ಪತ್ರದ ಷರತ್ತಿನಂತೆಯೇ ಇದೆ.

ಇಂದಿನ ಆಡುಮಾತಿನಲ್ಲಿ ‘ಜೀವಕ್ಕೆ ಸಂಚಕಾರ’ ಎಂದರೆ ಅಪಾಯವೆಂದೇ ಅರ್ಥ. ಕರಾರನ್ನು ಕಾಯುವ ಹಣದ ಹೆಸರು ಕಂಟಕದ ಹೆಸರಾಗಿದೆ. ಹಣಕ್ಕೆ ಅಡ್ವಾನ್ಸ್ ಎಂಬ ಹೊಸ ಹೆಸರು ಬಂದಿದೆ. ಹೆಸರು ಬದಲಾದರೂ ತತ್ತ್ವ ಬದಲಾಗಿಲ್ಲವೆಂಬುದನ್ನು ನ್ಯಾಯಾಲಯಗಳ ತೀರ್ಪುಗಳು ತೋರಿಸುತ್ತವೆ.

ಶ್ರೀ ಹನುಮಾನ್ ಕಾಟನ್ ಮಿಲ್ಸ್ ಮತ್ತು ಟಾಟಾ ಏರ್‌ಕ್ರಾಫ್ಟ್ ಸಂಸ್ಥೆಗಳ ನಡುವಿನ ಪ್ರಕರಣದಲ್ಲಿ ವಿಮಾನದ ಗುಜರಿ ಸಾಮಗ್ರಿಯ ಬೆಲೆ 10 ಲಕ್ಷ ರೂಪಾಯಿ, ಕೊಳ್ಳುವವರು 2.5 ಲಕ್ಷ ಕೊಟ್ಟು ಉಳಿದದ್ದನ್ನು ಕೊಡಲಿಲ್ಲ. ಮಾರುವವರು ಆ ಹಣವನ್ನು ಮುಟ್ಟುಗೋಲು ಹಾಕಿಕೊಂಡದ್ದನ್ನು ಸುಪ್ರೀಂ ಕೋರ್ಟ್ 1969ರಲ್ಲಿ ಎತ್ತಿಹಿಡಿಯಿತು. ಸಂಚಕಾರವೆಂದರೆ ಕರಾರು ಏರ್ಪಡುವಾಗ ಕೊಡುವ ಹಣ, ಅದು ಕರಾರನ್ನು ಈಡೇರಿಸುವುದಕ್ಕೆ ಜಾಮೀನು, ವ್ಯವಹಾರ ಪೂರ್ಣಗೊಂಡರೆ ಬೆಲೆಯ ಭಾಗವಾಗುತ್ತದೆ, ಕೊಳ್ಳುವವನ ತಪ್ಪಿನಿಂದ ಮುರಿದರೆ ಅವನ ಕೈತಪ್ಪುತ್ತದೆ ಎಂಬ ಸೂತ್ರಗಳನ್ನು ಆ ತೀರ್ಪು ಕ್ರೋಡೀಕರಿಸಿತು.

ಮೂರನೆಯದು: ಬೆಲೆಯ ಭಾಗ

ಹಾಗಾದರೆ ಖರೀದಿಗೆ ಕೊಟ್ಟ ಎಲ್ಲ ಅಡ್ವಾನ್ಸೂ ಸಂಚಕಾರವೇ? ಅಲ್ಲ. ಬೆಲೆಯ ಭಾಗವಾಗಿ ಮಾತ್ರ ಕೊಟ್ಟ ಹಣವನ್ನು, ಕೊಳ್ಳುವವನು ತಪ್ಪಿದನೆಂಬ ಕಾರಣಕ್ಕೆ, ಮುಟ್ಟುಗೋಲು ಹಾಕಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟ್ 2012ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಮುಟ್ಟುಗೋಲಿಗೆ ಆ ಹಣ ಕರಾರಿನ ಜಾಮೀನೆಂಬುದು ಷರತ್ತುಗಳಿಂದ ಸ್ಪಷ್ಟವಾಗಬೇಕು. ಭಾರತೀಯ ಕರಾರು ಕಾಯ್ದೆ, 1872ರ 74ನೇ ಪ್ರಕರಣವು ಕರಾರು ಮುರಿದಾಗ ದೊರೆಯುವುದು ಯುಕ್ತ ಪರಿಹಾರವೆಂದು ಹೇಳುತ್ತದೆ. ಕರಾರಿನಲ್ಲಿ ದೊಡ್ಡ ಮೊತ್ತ ಬರೆದ ಮಾತ್ರಕ್ಕೆ ಅದೆಲ್ಲವೂ ದಕ್ಕಿಬಿಡುವುದಿಲ್ಲ.

ಕರ್ನಾಟಕದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ 2025ರ ಮೇ ತಿಂಗಳಲ್ಲಿ ಬಂದ ತೀರ್ಪು ಇಲ್ಲಿ ವಿಶೇಷವಾಗಿ ಗಮನಾರ್ಹ. 2007ರ ಕ್ರಯದ ಕರಾರಿನಂತೆ ಸ್ವತ್ತಿನ ಬೆಲೆ 55.50 ಲಕ್ಷ ರೂಪಾಯಿ. ಕೊಳ್ಳುವವರು 20 ಲಕ್ಷ ಕೊಟ್ಟಿದ್ದರು. ಪತ್ರದಲ್ಲಿ ಅದನ್ನು ಅಡ್ವಾನ್ಸ್ ಎಂದೇ ಕರೆಯಲಾಗಿತ್ತು. ಗಡುವು ಮೀರಿದರೆ ಮುಟ್ಟುಗೋಲಾಗುವುದೆಂಬ ಷರತ್ತೂ ಇತ್ತು. ಹೆಸರು ಅಡ್ವಾನ್ಸ್ ಆದರೂ ಷರತ್ತುಗಳಿಂದ ಅದು ಸಂಚಕಾರವೇ ಎಂದು ನ್ಯಾಯಾಲಯ ನಿರ್ಣಯಿಸಿತು. ಕೊಳ್ಳುವವರು ಹಣದ ವಾಪಸಾತಿಯನ್ನು ತಮ್ಮ ದಾವೆಯಲ್ಲಿ ಪ್ರತ್ಯೇಕವಾಗಿ ಕೇಳಿರಲಿಲ್ಲವೆಂಬುದೂ ಅವರಿಗೆ ಪ್ರತಿಕೂಲವಾಯಿತು. 20 ಲಕ್ಷ ರೂಪಾಯಿ ಹಿಂದಿರುಗಲಿಲ್ಲ. ನ್ಯಾಯಾಲಯ ಪದವನ್ನಷ್ಟೇ ನೋಡದೆ ಪದದ ಸುತ್ತಲಿನ ಷರತ್ತುಗಳನ್ನು ನೋಡುತ್ತದೆ ಎಂಬುದು ಇದರಿಂದ ಸಿಗುವ ಪಾಠ.

ಹೀಗೆ ಕೈಸೇರಿದ ಹಣಕ್ಕೆ ತೆರಿಗೆಯೂ ಇದೆ. ಸ್ಥಿರಾಸ್ತಿಯಂಥ ಬಂಡವಾಳ ಸ್ವತ್ತಿನ ಮಾರಾಟದ ಮಾತುಕತೆ ಮುರಿದು ಮುಟ್ಟುಗೋಲಾದ ಅಡ್ವಾನ್ಸನ್ನು, 2014ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ, ಇತರ ಮೂಲಗಳ ಆದಾಯವೆಂದು ಪರಿಗಣಿಸಲಾಗುತ್ತಿದೆ. ಅದಕ್ಕೂ ಮುನ್ನ ಅದನ್ನು ಸ್ವತ್ತಿನ ಕೊಂಡ ಬೆಲೆಯಿಂದ ಕಳೆಯುವ ಪದ್ಧತಿಯಿತ್ತು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಅಡ್ವಾನ್ಸ್

ಒಂದೇ ಪದ ಎಷ್ಟು ಭಿನ್ನ ಫಲ ಕೊಡಬಲ್ಲುದೆಂಬುದಕ್ಕೆ ಜಿಎಸ್‌ಟಿ ಒಳ್ಳೆಯ ನಿದರ್ಶನ. ನೋಂದಾಯಿತ ಸರಕು ವರ್ತಕರು (ರಾಜಿ ತೆರಿಗೆ ಪದ್ಧತಿಯವರನ್ನು ಬಿಟ್ಟು) ಪಡೆದ ಅಡ್ವಾನ್ಸಿನ ಮೇಲೆ 2017ರ ನವೆಂಬರ್ 15ರಿಂದ ಹಣ ಬಂದ ಕೂಡಲೇ ತೆರಿಗೆ ಕಟ್ಟಬೇಕಿಲ್ಲ. ಬನಶಂಕರಿಯ ಪೀಠೋಪಕರಣದ ಅಂಗಡಿ ಸೋಫಾ ಮಾಡಿಕೊಡಲು 10,000 ರೂಪಾಯಿ ಅಡ್ವಾನ್ಸ್ ಪಡೆದರೆ, ತೆರಿಗೆಯ ಹೊಣೆ ಬರುವುದು ಬಿಲ್ಲಿನ ಕಾಲಕ್ಕೆ.

ಸೇವೆ ಒದಗಿಸುವವರಿಗೆ ಈ ವಿನಾಯಿತಿ ಇಲ್ಲ. ನೋಂದಾಯಿತ ಕಲ್ಯಾಣ ಮಂಟಪದವರು ಮೇ ತಿಂಗಳ ಮದುವೆಗೆ ಜನವರಿಯಲ್ಲಿ 50,000 ರೂಪಾಯಿ ಅಡ್ವಾನ್ಸ್ ಪಡೆದರೆ, ಜನವರಿಯ ಲೆಕ್ಕದಲ್ಲಿಯೇ ತೆರಿಗೆ ತೋರಿಸಬೇಕು; ಹಣ ಪಡೆದದ್ದಕ್ಕೆ ಸ್ವೀಕೃತಿ ರಸೀದಿ ಕೊಡಬೇಕು. ಮದುವೆ ರದ್ದಾಗಿ ಬಿಲ್ ಮಾಡದೆ ಹಣ ಹಿಂದಿರುಗಿಸಿದರೆ ಮರುಪಾವತಿ ರಸೀದಿ ಬರೆಯಬೇಕು.

ಅದೇ ಮಂಟಪದವರು ಪಾತ್ರೆ, ಕುರ್ಚಿಗಳ ಹಾನಿಗೆ ಭದ್ರತೆಯಾಗಿ ಮರಳಿಸುವ ಠೇವಣಿ ಪಡೆದರೆ ಅದಕ್ಕೆ ತೆರಿಗೆಯಿಲ್ಲ. ಠೇವಣಿಯನ್ನು ಪ್ರತಿಫಲಕ್ಕೆ ಹೊಂದಿಸಿಕೊಳ್ಳುವವರೆಗೆ ಅದು ಪ್ರತಿಫಲವಲ್ಲವೆಂದು ಜಿಎಸ್‌ಟಿ ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತದೆ. ಮಳಿಗೆಯ ಬಾಡಿಗೆಗೂ ಇದೇ ನಿಯಮ. ತಿಂಗಳಿಗೆ 50,000 ರೂಪಾಯಿ ಬಾಡಿಗೆ, 5 ಲಕ್ಷ ಠೇವಣಿ ಇರುವ ಮಳಿಗೆಯನ್ನು ನೋಡಬಹುದು. 5 ಲಕ್ಷಕ್ಕೆ ತೆರಿಗೆಯಿಲ್ಲ. ಆದರೆ ಖಾಲಿ ಮಾಡುವ ಮುನ್ನ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ‘ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ’ ಎಂದು ಬಾಡಿಗೆದಾರರು ಹೇಳಿದ್ದು, ಮಾಲೀಕರು ಒಪ್ಪಿದ್ದಾದರೆ, 1 ಲಕ್ಷ ರೂಪಾಯಿ ಠೇವಣಿಯ ರೂಪ ಬಿಟ್ಟು ಬಾಡಿಗೆಯಾಗುತ್ತದೆ. ಮಾಲೀಕರು ನೋಂದಾಯಿತರಾಗಿದ್ದರೆ ಶೇ. 18ರಂತೆ 18,000 ರೂಪಾಯಿ ತೆರಿಗೆಯ ಹೊಣೆ ಆಗ ಹುಟ್ಟುತ್ತದೆ. ಠೇವಣಿ, ಮುಂಗಡ ಬಾಡಿಗೆ ಎರಡನ್ನೂ ಒಂದೇ ಖಾತೆಯಲ್ಲಿ ಬರೆದಿಟ್ಟವರಿಗೆ ಲೆಕ್ಕ ತಪಾಸಣೆಯ ವೇಳೆ ಉತ್ತರ ಹೇಳುವುದು ಕಷ್ಟವಾಗುತ್ತದೆ.

ನಗದಿನ ವಿಷಯದಲ್ಲೂ ಎಚ್ಚರ ಅಗತ್ಯ. ಸಾಲ, ಠೇವಣಿ ಹಾಗೂ ಸ್ಥಿರಾಸ್ತಿ ವರ್ಗಾವಣೆಗೆ ಸಂಬಂಧಿಸಿದ ಅಡ್ವಾನ್ಸ್ ಇವುಗಳನ್ನು 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತದಲ್ಲಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಸ್ಥಿರಾಸ್ತಿಯ ಅಡ್ವಾನ್ಸ್ ಈ ನಿಷೇಧದ ವ್ಯಾಪ್ತಿಗೆ ಬಂದದ್ದು 2015ರ ಜೂನ್ 1ರಿಂದ.

ನಾಲ್ಕನೆಯದು: ಸಾಲ

ಬ್ಯಾಂಕಿನ ಭಾಷೆಯಲ್ಲಿ ಅಡ್ವಾನ್ಸ್ ಎಂದರೆ ಬ್ಯಾಂಕು ಕೊಟ್ಟ ಸಾಲ. ಬ್ಯಾಂಕು ಪಡೆದ ಹಣಕ್ಕೆ ಠೇವಣಿ ಎನ್ನುತ್ತಾರೆ. ಜಮಾ ಖರ್ಚಿನ ತಖ್ತೆಯಲ್ಲಿ ಠೇವಣಿ ಹೊಣೆಗಾರಿಕೆಯ ಕಡೆ, ಅಡ್ವಾನ್ಸ್ ಆಸ್ತಿಯ ಕಡೆ ಬರುತ್ತದೆ. ಕಟ್ಟಡದ ಮಾಲೀಕರ ಲೆಕ್ಕದಲ್ಲಾದರೋ ಬಾಡಿಗೆದಾರರಿಂದ ಬಂದ ‘ಅಡ್ವಾನ್ಸ್’ ಹೊಣೆಗಾರಿಕೆ. ವರ್ತಕರ ಪುಸ್ತಕದಲ್ಲಿ ಗಿರಾಕಿಯಿಂದ ಬಂದ ಅಡ್ವಾನ್ಸ್ ಹೊಣೆ, ಸರಬರಾಜುದಾರರಿಗೆ ಕೊಟ್ಟ ಅಡ್ವಾನ್ಸ್ ಆಸ್ತಿ. ಯಾವ ದಿಕ್ಕಿಗೆ ಹಣ ಹರಿಯಿತೆಂದು ಹೇಳದೆ ‘ಅಡ್ವಾನ್ಸ್ ಖಾತೆ’ ಎಂಬ ಒಂದೇ ತಲೆಬರಹದಡಿ ಎರಡನ್ನೂ ಬರೆದರೆ ತಖ್ತೆಯೇ ತಪ್ಪು ಚಿತ್ರ ಕೊಡುತ್ತದೆ. ಬ್ಯಾಂಕಿನ ಅಡ್ವಾನ್ಸಿಗೆ ಬಡ್ಡಿಯುಂಟು, ಗಡುವುಂಟು; ಅವಧಿ ಸಾಲದ ಬಡ್ಡಿ ಅಥವಾ ಕಂತು 90 ದಿನಗಳಿಗೂ ಮೀರಿ ಬಾಕಿಯಾದರೆ ಅದು ಅನುತ್ಪಾದಕ ಆಸ್ತಿಯ ಪಟ್ಟಿಗೆ ಸೇರುತ್ತದೆ.

ನೌಕರರಿಗೆ ಕೊಡುವ ಅಡ್ವಾನ್ಸೂ ಸಾಲದ ಜಾತಿಯದೇ, ಆದರೆ ಅದಕ್ಕೆ ಗಡಿಯುಂಟು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ, 2019 ಅಡ್ವಾನ್ಸನ್ನು ಸಂಬಳದಲ್ಲಿ ಹಿಡಿದುಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಒಂದು ವೇತನ ಅವಧಿಯ ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರಬಾರದು. ಇನ್ನು ಅಡ್ವಾನ್ಸ್ ತೀರುವವರೆಗೆ ಕೆಲಸ ಬಿಡಬಾರದು, ಬೇರೆಡೆ ದುಡಿಯಬಾರದು ಎಂಬ ಕಟ್ಟುಪಾಡು ಹಾಕಿದರೆ ವಿಷಯ ಬೇರೆಯೇ ಆಗುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ, 1976 ತನ್ನ ವ್ಯಾಖ್ಯೆಗಳನ್ನು ಆರಂಭಿಸುವುದೇ ‘ಅಡ್ವಾನ್ಸ್’ ಎಂಬ ಪದದಿಂದ: ನಗದಾಗಲಿ, ವಸ್ತುರೂಪದಲ್ಲಾಗಲಿ, ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮುಂಗಡ. ಆ ಮುಂಗಡದ ಬಲದಿಂದ ದುಡಿಮೆಯನ್ನು ಕಟ್ಟಿಹಾಕುವುದು ಅಪರಾಧ; ಅಂಥ ಸಾಲವನ್ನು ತೀರಿಸುವ ಹೊಣೆಯನ್ನೇ ಕಾಯ್ದೆ ಅಳಿಸಿಹಾಕಿದೆ. ಮೇಸ್ತ್ರಿಗಳ ಮೂಲಕ ಕೂಲಿಯಾಳುಗಳಿಗೆ ಅಡ್ವಾನ್ಸ್ ಕೊಡಿಸುವ ಕಟ್ಟಡ ಗುತ್ತಿಗೆದಾರರೂ ಇಟ್ಟಿಗೆ ಗೂಡಿನವರೂ ಈ ಮಾತನ್ನು ಮರೆಯುವಂತಿಲ್ಲ.

ಹಣವಲ್ಲದ ಅಡ್ವಾನ್ಸ್

ಕೆಲವು ಕಡೆ ಈ ಪದಕ್ಕೆ ‘ಮುಂಚಿತ’ ಎಂಬಷ್ಟೇ ಅರ್ಥ. ಮುಂಗಡ ತೆರಿಗೆ ವರ್ಷ ಮುಗಿಯುವ ಮುನ್ನವೇ ಕಟ್ಟುವ ಆದಾಯ ತೆರಿಗೆ; ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾಗುವ ವರ್ತಕರು ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ ಶೇ. 45, ಡಿಸೆಂಬರ್ 15ರೊಳಗೆ ಶೇ. 75, ಮಾರ್ಚ್ 15ರೊಳಗೆ ಪೂರ್ತಿ ಸಂದಾಯ ಮಾಡಬೇಕು. ಅಂದಾಜು ಆದಾಯ ಪದ್ಧತಿಯವರಿಗೆ ಮಾರ್ಚ್ 15ರ ಒಂದೇ ಕಂತು. ಅಡ್ವಾನ್ಸ್ ರೂಲಿಂಗ್ ಎಂದರೆ ತೆರಿಗೆಯ ಸಂದೇಹಕ್ಕೆ ಮುಂಚಿತವಾಗಿ ಪಡೆಯುವ ನಿರ್ಣಯ. ಅಡ್ವಾನ್ಸ್ ಆಥರೈಸೇಷನ್ ಎಂದರೆ ರಫ್ತು ಮಾಡುವ ಷರತ್ತಿನ ಮೇಲೆ ಕಚ್ಚಾ ಸಾಮಗ್ರಿಯನ್ನು ಸುಂಕವಿಲ್ಲದೆ ಆಮದು ಮಾಡಿಕೊಳ್ಳಲು ದೊರೆಯುವ ಅನುಮತಿ. ಈ ಬಳಕೆಗಳಲ್ಲಿ ಗೊಂದಲಕ್ಕೆ ಎಡೆ ಕಡಿಮೆ.

ರಸೀದಿಯಲ್ಲಿ ಏನಿರಬೇಕು

ಮೇಲಿನ ವಿವರಣೆಯಿಂದ ವರ್ತಕರು ಪಾಲಿಸಬಹುದಾದ ಕ್ರಮಗಳು ಹೀಗಿವೆ:

1. ‘ಅಡ್ವಾನ್ಸ್’ ಎಂಬ ಪದದ ಪಕ್ಕದಲ್ಲಿ ಹಣದ ಸ್ವರೂಪವನ್ನು ಬರೆಯತಕ್ಕದ್ದು: ಮರಳಿಸುವ ಭದ್ರತಾ ಠೇವಣಿ, ಕರಾರಿನ ಸಂಚಕಾರ, ಬೆಲೆಯ ಭಾಗ ಅಥವಾ ಸಾಲ.

2. ಠೇವಣಿಯಾದರೆ ಯಾವ ಬಾಬುಗಳನ್ನು ಕಳೆಯಬಹುದು, ಖಾಲಿ ಮಾಡಿದ ಎಷ್ಟು ದಿನಗಳೊಳಗೆ ಉಳಿದದ್ದನ್ನು ಮರಳಿಸಬೇಕು ಎಂಬುದು ಕರಾರಿನಲ್ಲಿರಬೇಕು. ಸುಣ್ಣಬಣ್ಣದ ಖರ್ಚಿಗೆ ಮೊತ್ತ ನಿಗದಿಯಾಗಿರಬೇಕು.

3. ಸಂಚಕಾರವಾದರೆ ಗಡುವು ಯಾವುದು, ಯಾರು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಎರಡೂ ಪಕ್ಷಕ್ಕೆ ಬರೆಯಬೇಕು. ಕೊಳ್ಳುವವರ ತಪ್ಪನ್ನು ಮಾತ್ರ ಹೇಳಿ ಮಾರುವವರ ತಪ್ಪಿನ ಬಗ್ಗೆ ಮೌನವಾಗಿರುವ ಪತ್ರಕ್ಕೆ ಸಹಿ ಹಾಕುವ ಮುನ್ನ ಯೋಚಿಸಬೇಕು.

4. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು, ಪಡೆಯಬೇಕು.

5. ಲೆಕ್ಕದ ಪುಸ್ತಕದಲ್ಲಿ ಕೊಟ್ಟ ಅಡ್ವಾನ್ಸ್, ಪಡೆದ ಅಡ್ವಾನ್ಸ್, ಕೊಟ್ಟ ಠೇವಣಿ, ಪಡೆದ ಠೇವಣಿ ಇವಕ್ಕೆ ನಾಲ್ಕು ಬೇರೆ ಖಾತೆಗಳಿರಬೇಕು.

6. ಕಟ್ಟಡ ಮಾರಾಟವಾದಲ್ಲಿ ಹಳೆಯ ಠೇವಣಿಯ ಹೊಣೆಯನ್ನು ಹೊಸ ಮಾಲೀಕರು ಒಪ್ಪಿದ್ದಾರೆಂಬ ಪತ್ರವನ್ನು ಬಾಡಿಗೆದಾರರು ಕೂಡಲೇ ಪಡೆಯುವುದು ಕ್ಷೇಮ.

ಸಣ್ಣ ವರ್ತಕರ ಮಟ್ಟಿಗೆ ಹತ್ತು ತಿಂಗಳ ಬಾಡಿಗೆಯೆಂಬುದು ಎಷ್ಟೋ ವೇಳೆ ಅಂಗಡಿಯಲ್ಲಿರುವ ಸರಕಿನ ಬೆಲೆಗಿಂತ ದೊಡ್ಡ ಮೊತ್ತ. ಅಷ್ಟು ಹಣ ವರ್ಷಾನುಗಟ್ಟಲೆ ಇನ್ನೊಬ್ಬರ ಕೈಯಲ್ಲಿರುತ್ತದೆ, ಅದಕ್ಕಿರುವ ಆಧಾರ ಒಂದು ಹಾಳೆ. ವಿಜ್ಞಾನೇಶ್ವರನ ಕಾಲದಲ್ಲಿ ಉಂಗುರವನ್ನು ಕೊಟ್ಟವರಿಗೂ ಪಡೆದವರಿಗೂ ಅದು ಯಾತಕ್ಕೆ ಕೈಬದಲಾಯಿತೆಂಬುದು ತಿಳಿದಿತ್ತು. ಇಂದಿನ ರಸೀದಿಯಿಂದಲೂ ಅಷ್ಟು ತಿಳಿದರೆ ಸಾಕು. ಅಡ್ವಾನ್ಸ್ ಎಂಬ ಪದವನ್ನು ಬಿಡಬೇಕಾಗಿಲ್ಲ. ಅದರ ಮುಂದೆ ಇನ್ನೊಂದು ಪದ ಬರೆದರಾಯಿತು.